ಕ್ಯಾನಿನ ಸರಾಸರಿ

"ಎಮ್ಮಿ ಹಿಂಡಾವನ ಕೈಯಾಗ ಹರಳು ಕೊಟ್ರ ಏನ್ ಬರತೈತಿ ಹೇಳ್ರಿ ಮೇಡಂ? ಹಾಲಿನ ಲೆಕ್ಕ ಬರತೈತಿ!"

ಲ್ಯಾಬಿನ ಮುಖ್ಯಸ್ಥ ಗುರುಪುತ್ರಪ್ಪ ಸರ್ ಈ ಮಾತು ಆಡಿದ್ದು ಮೀಟಿಂಗ್ ಕೋಣೆಯಲ್ಲಿ, ಎಲ್ಲರ ಎದುರಿಗೆ. ಸರ್ ಸೇರಿ ಒಂಬತ್ತು ಜನ, ಒಂಬತ್ತು ಕುರ್ಚಿ. ಹತ್ತನೆಯವನು ಕಲ್ಮೇಶ. ಅವನಿಗೆ ಕುರ್ಚಿ ಇರಲಿಲ್ಲ, ಗೋಡೆ ಇತ್ತು. ಅದಕ್ಕೇ ಬೆನ್ನು ಹಚ್ಚಿ ನಿಂತಿದ್ದ. ಮೊದಲು ನಕ್ಕವನು ಸರ್‌ರ ಹಿರಿಯ ವಿದ್ಯಾರ್ಥಿ ಓಂಕಾರ. ಸರ್ ಕೆಮ್ಮಿದರೂ ನಗುವ ಗಿರಾಕಿ ಅವನು. ಅವನ ಹಿಂದೆ ಉಳಿದವರೂ ನಕ್ಕರು. ನಗದೆ ಕೂತವರು ಇಬ್ಬರೇ. ಒಬ್ಬರು ಪುಣೆಯಿಂದ ಬಂದಿದ್ದ ಪ್ರಮಿಳಾ ಮೇಡಂ. ಇನ್ನೊಬ್ಬಳು ಪಿಎಚ್‌ಡಿ ಮಾಡುತ್ತಿದ್ದ ನಿಖಿತಾ.

ಕಲ್ಮೇಶನಿಗೆ ಸಿಟ್ಟು ಬರಬೇಕಾಗಿತ್ತು. ಅದು ಅವನಿಗೆ ಬಲು ಸುಲಭವಾಗಿ ಬರುವ ವಸ್ತು. ಆಟೋ ನಗರದ ಲೇತ್ ಶಾಪಿನಲ್ಲಿದ್ದಾಗ ಇದರ ಅರ್ಧ ಮಾತಿಗೆ ಒಬ್ಬನ ಕಾಲರ್ ಹಿಡಿದಿದ್ದ. ಆದರೆ ಇವತ್ತು ಸಿಟ್ಟು ಬರುವ ಜಾಗದಲ್ಲಿ ಹೆದರಿಕೆ ಬಂತು. ಯಾಕೆಂದರೆ ಸರ್ ಅಂದದ್ದು ಬೈಗುಳ ಹೌದು, ಆದರೆ ಸುಳ್ಳು ಅಂತ ಹೇಳುವ ಧೈರ್ಯ ಅವನಿಗೆ ಇರಲಿಲ್ಲ.

ಆಗಿದ್ದು ಇಷ್ಟು. ಎರಡು ಸಾವಿರದ ಇಸವಿಯ ಮಾರ್ಚ್ ತಿಂಗಳು, ಶನಿವಾರ. ಬೆಳಗಾವಿಯ ರಾಮತೀರ್ಥ ನಗರದ ಆಚೆಗಿದ್ದ ಆ ಸಂಶೋಧನಾ ಕೇಂದ್ರದಲ್ಲಿ ಹಾವಿನ ವಿಷದೊಳಗಿನ ಪ್ರೋಟೀನನ್ನು ಸಾಸಿವೆ ಕಾಳಿಗಿಂತ ಸಣ್ಣ ಹರಳಾಗಿ ಬೆಳೆಸಿ, ಅದಕ್ಕೆ ಎಕ್ಸ್‌-ರೇ ಬಿಡುತ್ತಿದ್ದರು. ಹರಳಿನಿಂದ ಚದುರಿದ ಕಿರಣ ಫಿಲ್ಮಿನಂಥ ತಟ್ಟೆಯ ಮೇಲೆ ಸಾವಿರಾರು ಚುಕ್ಕಿಯಾಗಿ ಬೀಳುತ್ತದೆ. ಆ ಚುಕ್ಕಿಗಳನ್ನು ಅಳೆದರೆ ಪ್ರೋಟೀನಿನ ರೂಪ ಸಿಗುತ್ತದೆ. ಹೀಗೆ ಕೆಲಸ ಮಾಡುವ ಐದು ಊರಿನ ಪ್ರಯೋಗಾಲಯದವರು ತಮ್ಮೆಲ್ಲರ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿ ಹಾಕೋಣ ಅಂತ ಮಾತಾಡಿಕೊಂಡಿದ್ದರು. ಒಂದೇ ಪಟ್ಟಿ ಅಂದಮೇಲೆ ಅಳತೆಯೂ ಒಂದೇ ಇರಬೇಕಲ್ಲ? ಅದನ್ನು ನೋಡುವುದಕ್ಕೇ ಪ್ರಮಿಳಾ ಮೇಡಂ ಊರೂರು ತಿರುಗುತ್ತಿದ್ದರು.

ಇಲ್ಲಿಯ ಪಟ್ಟಿಯಲ್ಲಿ ಹದಿನಾಲ್ಕು ಹರಳುಗಳ ಅಂಕಿ ಇದ್ದವು. ಮೇಡಂ ಬೆರಳು ಏಳು ಮತ್ತು ಎಂಟರ ಮೇಲೆ ನಿಂತಿತ್ತು.

"ಇವೆರಡೂ ಒಂದೇ ಹರಳು ಅಲ್ಲೇನ್ರಿ? ಕೋಳಿ ತತ್ತಿ ಪ್ರೋಟೀನಿಂದು, ಅಳತಿ ತಾಳಿ ನೋಡಾಕ ಇಟ್ಟದ್ದು. ಫೋಟೋ ಸುದ್ದಾ ಅವೇ. ಹಳೇ ಕಂಪ್ಯೂಟರ್ ಪ್ರೋಗ್ರಾಮಿನ್ಯಾಗ ಸರಾಸರಿ ಒಂದು ಪಾಯಿಂಟ್ ನಾಲ್ಕು, ಹೊಸಾದ್ರಾಗ ಎರಡು ಪಾಯಿಂಟ್ ಮೂರು. ಒಂದ ಕೂಸಿಗೆ ಎರಡು ತೂಕ ಹ್ಯಾಂಗ್ರಿ?"

ಅದಕ್ಕೇ ಸರ್ ಗೋಡೆಯ ಕಡೆ ತಿರುಗಿ ಎಮ್ಮೆ ಹಿಂಡುವವನ ಮಾತು ಆಡಿದ್ದು. ಆಮೇಲೆ ನಗು ನಿಂತ ಮೇಲೆ, ನಗದೇ ಇನ್ನೊಂದು ಮಾತು ಆಡಿದರು.

"ಸೋಮವಾರ ಹನ್ನೊಂದಕ್ಕ ಮೇಡಂ ಮತ್ತ ಬರತಾರ. ಅಷ್ಟ್ರಾಗ ತಪ್ಪು ಎಲ್ಲೈತಿ ಹೇಳಬೇಕು ನೀ. ಇಲ್ಲಾಂದ್ರ ಬೇಕಂತ ಅಂಕಿ ತಿದ್ದೀ ಅಂತ ತಿಳ್ಕೋತೀನಿ. ತಿದ್ದಿದಾವಂಗ ಪೊಲೀಸ್ ಸ್ಟೇಶನ್ ಎಲ್ಲೈತಿ ನನಗ ಗೊತ್ತೈತಿ. ಅಲ್ಲೀತನಕ ಕಂಪ್ಯೂಟರಿಗೆ ಕೈ ಹಚ್ಚಬ್ಯಾಡ."

ಪ್ರಮಿಳಾ ಮೇಡಂ ಖಾಲಿ ಫಾರ್ಮೊಂದನ್ನು ಮೇಜಿನ ಮೇಲಿಂದ ಕಲ್ಮೇಶನ ಕಡೆಗೇ ಸರಿಸಿದರು. "ಅಂಕಿ ಅಷ್ಟ ಸಾಲೂದಿಲ್ಲ. ಸರಾಸರಿ ಹ್ಯಾಂಗ ತಗದಿರಿ ಅಂತ ಕೆಳಗ ಒಂದ ಸಾಲು ಬರೀಬೇಕು. ಐದೂ ಊರಾಗ ಅದೇ ಸಾಲು ಇರಬೇಕು. ಯಾರು ಕುಂತು ಲೆಕ್ಕ ತಗೀತಾರೋ ಅವರ ಕೈಲೇನ ಬರಸ್ರಿ."

ಕಲ್ಮೇಶ ಫಾರ್ಮು ತಗೊಂಡ.

ಅವನು ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟವನು. ಅಪ್ಪ ಸಾತಪ್ಪ ತೀರಿಕೊಂಡ ವರ್ಷ ಅದು. ಆಟೋ ನಗರದಲ್ಲಿ ಲೇತ್ ಕಲಿತ, ಪಂಪು ಕಲಿತ. ನಾಲ್ಕು ವರ್ಷದ ಹಿಂದೆ ಎಕ್ಸ್‌-ರೇ ಮಷೀನಿನ ನೀರಿನ ಪಂಪು ರಿಪೇರಿಗೆ ಅಂತ ಇಲ್ಲಿಗೆ ಬಂದ. ಪಂಪು ತಿರುಗಿತು, ಅವನು ಇಲ್ಲೇ ಉಳಿದ. ಮಷೀನು ಅವನ ಕೈಗೆ ಒಗ್ಗಿತು. ಹರಳನ್ನು ನೈಲಾನ್ ಎಳೆಯ ಕುಣಿಕೆಯಲ್ಲಿ ಎತ್ತುವುದಿದೆಯಲ್ಲ, ಎಂ.ಎಸ್ಸಿ. ಆದವರು ಹತ್ತರಲ್ಲಿ ಆರು ಒಡೆಯುತ್ತಿದ್ದರು. ಇವನು ಒಂದೂ ಒಡೆಯುತ್ತಿರಲಿಲ್ಲ. ಕ್ರಮೇಣ ಲೆಕ್ಕದ ಪ್ರೋಗ್ರಾಮು ಓಡಿಸುವುದೂ ಇವನ ಪಾಲಿಗೆ ಬಂತು. ಇಂಗ್ಲಿಷ್ ಬಾರದು, ಅದಕ್ಕೆ ಕೆಂಪು ರಟ್ಟಿನ ರಜಿಸ್ಟರಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿಡುತ್ತಿದ್ದ. ಪ್ರತಿ ಚುಕ್ಕಿಗೆ ಎರಡು ಅಂಕಿ ಇರುತ್ತವೆ: ಎಷ್ಟು ಹೊಳೆಯುತ್ತದೆ, ಆ ಅಳತೆಯನ್ನು ಎಷ್ಟು ನಂಬಬಾರದು. ಮೊದಲನೆಯದಕ್ಕೆ ಅವನು ಇಟ್ಟ ಹೆಸರು ಬೆಳಕು. ಎರಡನೆಯದಕ್ಕೆ ಸಂಶಯ. ಬೆಳಕನ್ನು ಸಂಶಯದಿಂದ ಭಾಗಿಸಿ ಸರಾಸರಿ ತೆಗೆದರೆ ಹರಳಿನ ಯೋಗ್ಯತೆ ಗೊತ್ತಾಗುತ್ತದೆ. ಫೋಟೋದ ನಡುವಿನ ಚುಕ್ಕಿಗಳು ಜೋರಾಗಿ ಹೊಳೆಯುತ್ತವೆ. ಅಂಚಿಗೆ ಹೋದಷ್ಟೂ ಮಂಕು, ಆದರೆ ಪ್ರೋಟೀನಿನ ಸಣ್ಣ ವಿವರ ಇರುವುದು ಅಲ್ಲೇ. ಅಂಚಿನ ಉಂಗುರದಲ್ಲಿ ಸರಾಸರಿ ಎರಡು ಇದ್ದರೆ ಅಲ್ಲಿಯ ತನಕ ನಂಬು. ಎರಡರ ಕೆಳಗೆ ಹೋದರೆ ಅದು ಬರೀ ಸಪ್ಪಳ, ಕತ್ತರಿಸಿ ಒಗೆ. ಇದು ಗುರುಪುತ್ರಪ್ಪ ಸರ್‌ರ ಕಾನೂನು.

ಈ ಕೆಲಸ ಕಾಯಂ ಆಗುವ ಕಾಗದಕ್ಕೆ ತಿಂಗಳ ಕೊನೆಗೆ ಸರ್ ಸಹಿ ಬೀಳಬೇಕಾಗಿತ್ತು. ಈಗ ಸಹಿಯ ಮಾತಿರಲಿ, ಪೊಲೀಸರ ಮಾತು ಬಂದಿತ್ತು.

ಕಾರಿಡಾರಿನ ಕೊನೆಗೆ ನಿಖಿತಾ ಅವನನ್ನು ಹಿಡಿದು ನಿಲ್ಲಿಸಿದಳು.

"ಕಲ್ಮೇಶಣ್ಣ, ಹೊಸಾ ಪ್ರೋಗ್ರಾಮಿನ್ಯಾಗ ಎರಡು ಕಾಲಂ ಬರತಾವಲ್ಲ. ನೀ ಯಾವುದನ್ನ ಬರಕೊಂಡಿ?"

"ಎರಡನೇದ್ದು ರೀ, ಅಕ್ಕಾರ."

"ಯಾಕ?"

"ಸರಾಸರಿ ಅಂದ್ರ ಅದ ಅಲ್ಲೇನ್ರಿ? ಎಲ್ಲಾ ಬೆಳಕು ಒಂದ ಕಡೆ ಕೂಡಸೂದು, ಎಲ್ಲಾ ಸಂಶಯ ಒಂದ ಕಡೆ ಕೂಡಸೂದು. ಆಮ್ಯಾಲ ಅದನ್ನ ಇದರಿಂದ ಭಾಗಿಸೂದು."

ನಿಖಿತಾ ಪೆನ್ನು ತೆಗೆದು ತನ್ನ ಅಂಗೈ ಮೇಲೇ ಬರೆದಳು. ಮೂರು ಚುಕ್ಕಿ. ಒಂದರ ಬೆಳಕು ನೂರು, ಸಂಶಯ ಹತ್ತು. ಇನ್ನೊಂದರದು ನಾಲ್ಕು, ಎರಡು. ಮತ್ತೊಂದರದು ಒಂದು, ಒಂದು.

"ಬ್ಯಾರೆ ಬ್ಯಾರೆ ಭಾಗಿಸು. ಹತ್ತು, ಎರಡು, ಒಂದು. ಕೂಡಿಸಿ ಮೂರರಿಂದ ಭಾಗಿಸಿದ್ರ?"

"ನಾಲ್ಕರ ಮ್ಯಾಲ ಸ್ವಲ್ಪ."

"ಈಗ ನಿಂದು. ನೂರಾ ಐದು ಬೆಳಕು, ಹದಿಮೂರು ಸಂಶಯ."

ಕಲ್ಮೇಶ ಬಾಯಿಲೆಕ್ಕ ಮಾಡಿದ. "ಎಂಟು."

ಇಬ್ಬರೂ ಆ ಅಂಗೈಯನ್ನೇ ನೋಡುತ್ತ ನಿಂತರು. ಅವೇ ಮೂರು ಚುಕ್ಕಿ. ಒಂದು ಕಡೆ ನಾಲ್ಕು, ಒಂದು ಕಡೆ ಎಂಟು. ಎರಡಕ್ಕೂ ಹೆಸರು ಸರಾಸರಿ.

"ಹಳೇ ಪ್ರೋಗ್ರಾಂ ಕೊಡೂದು ಮೊದಲಿನ ನಮೂನಿ," ನಿಖಿತಾ ಮೆಲ್ಲಗೆ ಅಂದಳು. "ಎಂಟರಿಂದ ಹದಿನಾಲ್ಕರ ತನಕ ಎಲ್ಲಾ ಹೊಸಾದು. ಎಲ್ಲಾ ನಿನ್ನ ನಮೂನಿ." ಆಮೇಲೆ ಅವಳ ಮುಖದ ಬಣ್ಣ ಇಳಿಯಿತು. "ಹನ್ನೊಂದನೇದ್ದು ನಂದು."

ಹನ್ನೊಂದನೆಯದು ಕೊಳಕು ಮಂಡಲದ ಹಾವಿನ ವಿಷದ ಹರಳು. ನಿಖಿತಾಳ ಮೂರು ವರ್ಷದ ಕೆಲಸ ಅದು, ಸರ್ ಹೋದಲ್ಲೆಲ್ಲ ಹೇಳಿಕೊಳ್ಳುವ ಹರಳೂ ಅದೇ. ರಜಿಸ್ಟರಿನಲ್ಲಿ ಅದರ ಅಂಚಿನ ಸರಾಸರಿ ಎರಡು ಪಾಯಿಂಟ್ ಎರಡು. ಕಾನೂನಿಗಿಂತ ಕೂದಲೆಳೆಯಷ್ಟು ಮೇಲೆ.

"ನಿನಗ ಎರಡನೇ ಕಾಲಂ ಬರಿ ಅಂತ ಹೇಳಿದಾವ್ರು ಯಾರು?"

ಯಾರು? ಎರಡು ವರ್ಷದ ಹಿಂದೆ ಹೊಸ ಪ್ರೋಗ್ರಾಮು ಬಂದ ದಿನ ಸರ್ ಜೀನೆಯ ಮೆಟ್ಟಿಲು ಇಳಿಯುತ್ತಿದ್ದರು. ಇವನು ಹಿಂದೆ ಓಡಿ, "ಸರ್ರ, ಏನ್ ಬರಕೋಬೇಕ್ರಿ?" ಅಂತ ಕೇಳಿದ್ದ. ಅವರು ತಿರುಗದೇ, "ಸರಾಸರಿ ಬರಿ," ಅಂದಿದ್ದರು. ಅಷ್ಟೇ. ಎರಡು ಕಾಲಂ ಇವೆ, ಯಾವುದು ಅಂತ ಮತ್ತೊಮ್ಮೆ ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಸಾಲಿ ಬಿಟ್ಟವ ಅನ್ನುತ್ತಾರೆ. ಕಲಿತವರು ಕೇಳಿದರೆ ಅದು ಪ್ರಶ್ನೆ, ಕಲಿಯದವನು ಕೇಳಿದರೆ ಅದು ದಡ್ಡತನ. ಈ ಲೋಕದ ನಿಯಮ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ತನಗೆ ಗೊತ್ತಿದ್ದ ಸರಾಸರಿಯನ್ನೇ ಬರೆದಿದ್ದ.

ಆ ಮಧ್ಯಾಹ್ನ ಅವನೊಂದು ಕೆಲಸ ಮಾಡಿದ. ಕೆಂಪು ರಜಿಸ್ಟರನ್ನು ಕೈಚೀಲದ ತಳಕ್ಕೆ ಹಾಕಿ, ಮೇಲೆ ಊಟದ ಡಬ್ಬಿ ಇಟ್ಟ. ರಜಿಸ್ಟರು ಹೊರಗೆ ಒಯ್ಯುವಂತಿರಲಿಲ್ಲ. ಆದರೆ ಅದು ಇಲ್ಲಿದ್ದರೆ ಓಂಕಾರ ಒಂದು ಹಾಳೆ ಹರಿದರೂ ಮುಗಿಯಿತು. ಇವನು ಕಂಡದ್ದನ್ನೇ ಬರೆದಿದ್ದ, ಒಂದಂಕಿಯನ್ನೂ ತಿದ್ದಿರಲಿಲ್ಲ ಅನ್ನುವುದಕ್ಕೆ ಇದ್ದ ಸಾಕ್ಷಿ ಅದೊಂದೇ.

ಗೇಟಿನಲ್ಲಿ ವಾಚ್‌ಮನ್ ಕಲ್ಲಯ್ಯ ದಿನದಂತೆ ಚೀಲ ಮುಟ್ಟಿದ. "ಇವತ್ತ ಏನಪಾ, ಚೀಲ ವಜ್ಜಿ ಐತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಲ್ಮೇಶ ಖರೇನೇ ಹೆಗಲು ಮುಟ್ಟಿ ನೋಡಿಕೊಂಡ. "ಡಬ್ಬಿ," ಅಂದ.

"ಉಣಲಿಲ್ಲೇನು?"

"ಹೊಟ್ಟಿ ಸರಿ ಇಲ್ಲೋ."

ಶಹಾಪುರದ ತನ್ನ ಬಾಡಿಗೆ ಖೋಲಿಗೆ ಹೋಗಿ ಬಾಗಿಲ ಚಿಲಕ ಹಾಕಿ ಕೂತ. ಕೆಳಗೆ ಪವರ್‌ಲೂಮುಗಳ ಖಟಖಟ. ದಿನವೂ ಕೇಳಿ ಕೇಳಿ ಕಿವಿಗೆ ಬೀಳುವುದೇ ಬಿಟ್ಟಿದ್ದ ಸಪ್ಪಳ ಅದು. ಇವತ್ತು ಒಂದೊಂದು ಹೊಡೆತವೂ ಯಾರೋ ಬಾಗಿಲು ಬಡಿದಂತೆ ಕೇಳುತ್ತಿತ್ತು. ಮೂರು ಸಲ ಎದ್ದು ಚಿಲಕ ಮುಟ್ಟಿ ನೋಡಿದ.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೊರಟ. ಚೀಲ ತೊಡೆಯ ಮೇಲೆ. ದೇಸೂರಿನ ಹತ್ತಿರ ಖಾಕಿ ಹಾಕಿದವನೊಬ್ಬ ಹತ್ತಿದಾಗ ಕಲ್ಮೇಶ ಕಿಟಕಿಯ ಕಡೆ ಮುಖ ಮಾಡಿ ಕೂತ. ಹತ್ತಿದವನು ಟಿಕೀಟು ತಪಾಸಣೆಯವನು. ಟಿಕೀಟು ನೋಡಿ, ಹರಿದು, ಕೊಟ್ಟು ಹೋದ.

ಊರಂಚಿನ ಮನೆಯಲ್ಲಿ ತಾಯಿ ಭೀಮಕ್ಕ ಹಿಂಡಿದ ಹಾಲನ್ನು ಕ್ಯಾನಿಗೆ ಸುರುವುತ್ತಿದ್ದಳು. ಮಗನ ಮುಖ ನೋಡಿದಳು.

"ಯಾಕೋ ತಮ್ಮಾ, ಮಾರಿ ಸುಣ್ಣ ಬಳದಂಗ ಆಗೈತಿ? ಯಾರರ ಹೊಡದ್ರೇನು?"

"ಇಲ್ಲ ಯವ್ವಾ."

"ನೀ ಯಾರಿಗರ ಹೊಡದೇನು?"

"ಇಲ್ಲ ಅಂದ್ನಿಲ್ಲ."

"ಹಂಗಾದ್ರ ಭಾಳ ಆಗೈತಿ ಬಿಡು," ಅಂದಳು ಭೀಮಕ್ಕ. "ಕ್ಯಾನ್ ಎತ್ತು. ಡೇರಿಗೆ ಹೋಗಿ ಕೊಟ್ಟು ಬಾ."

ಅವನು ಬಂದದ್ದೂ ಅಲ್ಲಿಗೇ. ಹಾಲಿನ ಸಂಘದ ಸೆಕ್ರೆಟರಿ ಉಳವಪ್ಪ ಅಪ್ಪನ ಗೆಳೆಯ. ಸಾಲಿ ಬಿಡುವ ಮೊದಲು ದಿನಾ ಮುಂಜಾನೆ ಕಲ್ಮೇಶ ಅವನ ಬಾಜೂಕ್ಕೆ ನಿಂತು ಹಾಲಿನ ಫ್ಯಾಟು ತಪಾಸ ಮಾಡುವುದನ್ನು ನೋಡುತ್ತಿದ್ದ. ಎಲ್ಲರ ಹಾಲನ್ನೂ ದೊಡ್ಡ ಕ್ಯಾನಿಗೆ ಸುರುವುವುದು, ಸೌಟಿನಿಂದ ಚೆನ್ನಾಗಿ ಕಲಸುವುದು, ಅದರಿಂದ ಒಂದು ಸಣ್ಣ ಶೀಸೆ ತುಂಬುವುದು. "ಇದ ನೋಡು, ಕೇರಿದು ಸರಾಸರಿ," ಅನ್ನುತ್ತಿದ್ದ ಉಳವಪ್ಪ. ಕಲ್ಮೇಶ ಸರಾಸರಿ ಎಂಬ ಮಾತನ್ನು ಮೊದಲು ಕೇಳಿದ್ದು ಅಲ್ಲೇ. ಸಾಲಿಯಲ್ಲಿ ಅದು ಬಂದಾಗಲೂ ಅವನ ಕಣ್ಣ ಮುಂದೆ ನಿಂತದ್ದು ಆ ಕ್ಯಾನೇ.

ಸರತಿ ಮುಗಿದ ಮೇಲೆ ಕೇಳಿದ. "ಕಾಕಾ, ಸರಾಸರಿ ಅಂದ್ರ ಕ್ಯಾನಿನ್ಯಾಗಿಂದ ಅಲ್ಲೇನು?"

"ಯಾಕೋ, ಬೆಳಗಾವ್ಯಾಗ ಹಾಲು ಮಾರಾಕ ಹತ್ತಿಯೇನು?"

"ಚ್ಯಾಷ್ಟಿ ಮಾಡಬ್ಯಾಡ ಕಾಕಾ. ಹೇಳು."

ಅವನ ದನಿ ಕೇಳಿ ಉಳವಪ್ಪ ಸೌಟು ಕೆಳಗಿಟ್ಟ. "ಏನ್ ಕೇಳ್ತಿ ಅನ್ನೂದ್ರ ಮ್ಯಾಲ ಐತಿ ಅದು. ನಿಮ್ಮವ್ವನ ದೊಡ್ಡಿ ತಗೋ. ಒಂದು ಎಮ್ಮಿ ಐತಿ, ಹತ್ತು ಲೀಟರ್ ಕೊಡತೈತಿ, ಎಂಟು ಫ್ಯಾಟು. ಮೂರು ಜವಾರಿ ಆಕಳ ಅದಾವು. ಒಂದೊಂದು ಲೀಟರ್, ಮೂರೂವರಿ ಫ್ಯಾಟು. ಎಲ್ಲಾ ಕ್ಯಾನಿಗೆ ಹಾಕಿ ತಿರುವಿದ್ರ ಹತ್ತಿರತ್ತಿರ ಏಳು ಬರತೈತಿ. ಹೌದಿಲ್ಲೋ?"

"ಹೌದು."

"ಕ್ಯಾನ್ ಹ್ಯಾಂಗೈತಿ ಅಂತ ಕೇಳಿದ್ರ ಏಳು ಅನ್ನು, ಖರೇ. ಆದ್ರ ದನದ ಡಾಕ್ಟರು ಬಂದು, ಉಳವಪ್ಪ, ಭೀಮಕ್ಕನ ದನ ಹ್ಯಾಂಗದಾವು ಅಂದ್ರ? ಏಳು ಅಂದ್ರ ನನ್ನ ಕಪಾಳಕ್ಕ ಹೊಡೀತಾನ. ನಾಲ್ಕ್ರಾಗ ಮೂರು ಸೊರಗ್ಯಾವು. ಆ ದೊಡ್ಡ ಎಮ್ಮಿ ಸೊರಗಿದ್ದನ್ನೆಲ್ಲಾ ಮುಚ್ಚತೈತಿ. ಡಾಕ್ಟರಗ ಒಂದೊಂದ ದನಾ ಬ್ಯಾರೆ ಬ್ಯಾರೆ ನೋಡೇ ಹೇಳಬೇಕು. ಅವಾಗ ನಾಲ್ಕೂವರಿ ಬರತೈತಿ."

ಕಲ್ಮೇಶ ಕ್ಯಾನಿನ ಅಂಚು ಹಿಡಿದು ನಿಂತ. ಅಂಚಿನ ಉಂಗುರದಲ್ಲಿ ಸರ್ ಕೇಳುವುದು ಯಾವ ಪ್ರಶ್ನೆ? ಒಂದೊಂದು ಮಂಕು ಚುಕ್ಕಿಯನ್ನೂ ನಂಬಬಹುದೇ ಅಂತ. ಕ್ಯಾನಿನ ಪ್ರಶ್ನೆ ಅಲ್ಲ ಅದು, ದನದ ಪ್ರಶ್ನೆ. ಎರಡು ವರ್ಷ ಅವನು ದನದ ಪ್ರಶ್ನೆಗೆ ಕ್ಯಾನಿನ ಉತ್ತರ ಬರೆದಿದ್ದ. ಹತ್ತಾರು ಜೋರು ಚುಕ್ಕಿಗಳ ಕೆಳಗೆ ನೂರಾರು ಸೊರಗಿದ ಚುಕ್ಕಿ ಮುಚ್ಚಿ ಇಟ್ಟಿದ್ದ. ಎಮ್ಮೆ ಹಿಂಡುವವನ ಲೆಕ್ಕ. ಸರ್ ಬೈದದ್ದು ಅಕ್ಷರ ಅಕ್ಷರ ಖರೇ ಆಗಿತ್ತು.

"ಬೆಳಗಾವಿಗೆ ಹೋಗಲೇಬೇಕೇನು?" ಹೊರಡುವಾಗ ಭೀಮಕ್ಕ ಕೇಳಿದಳು. ಹೋಗದೆ ಇಲ್ಲೇ ಉಳಿದುಬಿಟ್ಟರೆ? ರಜಿಸ್ಟರು ಹೊಳೆಗೆ ಎಸೆದುಬಿಟ್ಟರೆ? ತಿರುಗಿ ಬರುವ ಬಸ್ಸಿನಲ್ಲಿ ಮಲಪ್ರಭೆಯ ಸೇತುವೆ ಬಂದಾಗ ಅವನ ಕೈ ಚೀಲದೊಳಗೆ ಹೋಗಿತ್ತು, ಅಷ್ಟು ಖರೇ. ಸೇತುವೆ ದಾಟಿದ ಮೇಲೆ ಕೈ ಹೊರಗೆ ತೆಗೆದ.

ಸೋಮವಾರ ಎಂಟೂವರೆಗೆ ನಿಖಿತಾ ಕಂಪ್ಯೂಟರ್ ಕೋಣೆಯ ಬೀಗ ತೆಗೆದಳು. ಸರ್ ಕೈ ಹಚ್ಚಬೇಡ ಅಂದದ್ದು ಕಲ್ಮೇಶನಿಗೆ. ಕೀಲಿಮಣೆ ಒತ್ತಿದವಳು ಅವಳು. ಹೊಸ ಪ್ರೋಗ್ರಾಮಿನ ಹಳೆಯ ಫೈಲುಗಳು ಡಿಸ್ಕಿನಲ್ಲಿ ಇದ್ದವು, ಎರಡೂ ಕಾಲಮ್ಮಿನ ಸಮೇತ. ಎಂಟನೆಯದು ತೆಗೆದಳು. ಎರಡನೇ ಕಾಲಂ ಎರಡು ಪಾಯಿಂಟ್ ಮೂರು, ಮೊದಲನೆಯದು ಒಂದು ಪಾಯಿಂಟ್ ನಾಲ್ಕು. ಹಳೇ ಪ್ರೋಗ್ರಾಮಿನ ಅಂಕಿಯೇ. ಒಂದ ಕೂಸು, ಒಂದ ತೂಕ. ಒಂಬತ್ತು, ಹತ್ತು ತೆಗೆದಳು. ಅವು ಬಲವಾದ ಹರಳು, ಇಳಿದರೂ ಎರಡರ ಮೇಲೇ ನಿಂತವು.

ಹನ್ನೊಂದರ ಹತ್ತಿರ ಬಂದು ಅವಳ ಕೈ ನಿಂತಿತು.

"ನೀ ತಗಿ," ಅಂದಳು.

"ನಾ ಕೈ ಹಚ್ಚಬಾರದ್ರಿ."

"ತಗಿ ಅಣ್ಣ. ನನಗ ಆಗೂದಿಲ್ಲ."

ಅವನು ತೆಗೆದ. ಸಾಲುಗಳು ಮೇಲೆ ಸರಿದು ಕೊನೆಯ ಉಂಗುರಕ್ಕೆ ಬಂದು ನಿಂತವು. ಎರಡನೇ ಕಾಲಂ: ಎರಡು ಪಾಯಿಂಟ್ ಎರಡು. ಮೊದಲನೇ ಕಾಲಂ: ಒಂದು ಪಾಯಿಂಟ್ ಮೂರು.

ನಿಖಿತಾ ಪರದೆಯನ್ನು ನೋಡಲಿಲ್ಲ, ಅವನ ಮುಖ ನೋಡಿದಳು, ಅಲ್ಲೇ ಓದಿಕೊಂಡಳು.

"ಇದೊಂದನ್ನ ಬಿಟ್ಟು ಉಳದದ್ದು ತಿದ್ದಿದ್ರ..." ಅಂದಳು. ಓಢಣಿಯ ಅಂಚಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಇಲ್ಲ. ಬರಿ. ನಾ ಅಂಚು ಕತ್ತರಸ್ತೀನಿ. ಸಣ್ಣ ವಿವರ ಹೋಗತಾವು. ಹಾವು ಹಾವ ಇರತೈತಿ," ಅಂದಳು.

ಉಳಿದ ಮೂರನ್ನೂ ನೋಡಿಕೊಂಡು ಅವನು ಫಾರ್ಮು ತೆಗೆದು ಶಾಯಿ ಪೆನ್ನಿನಿಂದ ಬರೆದ. ಹದಿನಾಲ್ಕು ಅಂಕಿ. ಕೆಳಗೆ, ಮೇಡಂ ಹೇಳಿದ ಜಾಗದಲ್ಲಿ, ಒಂದು ಸಾಲು. ಮೂರು ಸಲ ಮನಸ್ಸಿನಲ್ಲೇ ಓದಿ ನೋಡಿದ. ಶಾಯಿ ಒಣಗುವ ತನಕ ಊದಿದ.

ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಜೀನೆಯ ತಿರುವಿನಲ್ಲಿ ಗುರುಪುತ್ರಪ್ಪ ಸರ್ ನಿಂತಿದ್ದರು, ಅವತ್ತು ಸರಾಸರಿ ಬರಿ ಅಂದಿದ್ದ ಅದೇ ಮೆಟ್ಟಿಲ ಮೇಲೆ. ಅವರು ನಗುತ್ತಿದ್ದರು. ಕಲ್ಮೇಶನಿಗೆ ಶನಿವಾರಕ್ಕಿಂತ ಹೆಚ್ಚು ಹೆದರಿಕೆಯಾಗಿದ್ದು ಆ ನಗು ನೋಡಿ.

"ಬಾ ಕಲ್ಮೇಶ. ಓಂಕಾರ ಎಲ್ಲಾ ಲೆಕ್ಕ ಮಾಡಿ ಹೇಳ್ಯಾನ ನನಗ. ತಪ್ಪು ನಿಂದಲ್ಲ ಬಿಡು. ಎರಡೂ ಸರಾಸರೀನ. ದೊಡ್ಡದ ಇರ್ಲಿ, ಹನ್ನೊಂದನೇದ್ದು ಉಳೀತೈತಿ."

"ಸರ್ರ, ಅಂಚಿನ್ಯಾಗ..."

"ಗೊತ್ತೈತಿ ನನಗ ಅಂಚು." ಸರ್ ಅಂಗಿಯ ಕಿಸೆಯಿಂದ ಲಕೋಟೆಯ ತುದಿ ಎತ್ತಿ ತೋರಿಸಿ ಮತ್ತೆ ಒಳಗಿಟ್ಟರು. "ನಿನ್ನ ಕಾಯಂ ಕಾಗದ. ಸಹಿ ಮಾಡಬೇಕು ಅಷ್ಟ. ಮೇಡಂ ಮುಂದ ನಾ ಒಂದ ಮಾತು ಕೇಳ್ತೀನಿ, ಹೌದ್ರಿ ಅನ್ನು. ಐದೂ ಊರಾಗ ನಮ್ಮ ನಮೂನಿನ ಕಾಯಂ ಆಗಲಿ. ಇಲ್ಲಾಂದ್ರ..." ಅವರು ಅವನ ಕೈಚೀಲವನ್ನು ನೋಡಿದರು. "ಶನಿವಾರದಿಂದ ಲ್ಯಾಬಿನ ರಜಿಸ್ಟರ್ ಸಿಗವಲ್ದು ಅಂತ ಓಂಕಾರ ಹೇಳ್ತಿದ್ದ. ಕಳುವು ಅಂತ ಬರಸೂದು ನನಗೂ ಛಲೋ ಅನಸೂದಿಲ್ಲ ನೋಡು."

ಕಲ್ಮೇಶ ಜೀನೆಯ ಕಠಡಾ ಹಿಡಿದು ಮೇಲೆ ಹತ್ತಿದ.

ಮೀಟಿಂಗ್ ಕೋಣೆಯಲ್ಲಿ ಇವತ್ತು ಹತ್ತು ಕುರ್ಚಿ ಹಾಕಿದ್ದರು.

ಹತ್ತನೆಯದು ತನಗೇ ಅಂತ ತಿಳಿಯುವುದಕ್ಕೆ ಅವನಿಗೆ ಒಂದು ಗಳಿಗೆ ಬೇಕಾಯಿತು. ಓಂಕಾರ ಕುರ್ಚಿಯ ಬೆನ್ನು ತಟ್ಟಿ, "ಕುಂದರ್ರಿ ಕಲ್ಮೇಶ ಸಾಹೇಬ್ರ," ಅಂದ. ಯಾರೋ ನಕ್ಕರು. ಕಲ್ಮೇಶ ಕೂರಲಿಲ್ಲ. ಸರ್ ಎದ್ದು ನಿಂತರು.

"ಮೇಡಂ, ಶನಿವಾರ ನಾ ಚ್ಯಾಷ್ಟಿ ಮಾಡಿದ್ನಿ. ಖರೇ ಹೇಳ್ಬೇಕಂದ್ರ ಸರಾಸರಿ ಅಂದ್ರೇನು ಅಂತ ಹಾಲಿನ ಮನಿತನದಾವರನ್ನ ಕೇಳಬೇಕು. ಎಲ್ಲಾ ಒಂದ ಕ್ಯಾನಿಗೆ ಹಾಕಿ, ತಿರುವಿ, ಅದರಾಗಿಂದ ತಗಿಯೂದು. ಅದ ಹೊಸಾ ಕಾಲಂ. ಹಳೇ ಪ್ರೋಗ್ರಾಮಿಂದು ಬಿಡೂಣು. ಐದೂ ಕಡೆ ಇದನ್ನ ಬರೀಲಿ. ನಮ್ಮ ಕಲ್ಮೇಶಗ ಇದು ಹುಟ್ಟಿನಿಂದ ಗೊತ್ತೈತಿ. ಹೌದಿಲ್ಲೋ ಕಲ್ಮೇಶ?"

ಎರಡು ದಿನದ ಹಿಂದೆ ಬೈಗುಳವಾಗಿದ್ದದ್ದು ಇವತ್ತು ಹಾರವಾಗಿತ್ತು. ಬಾಯಿ ಅದೇ, ಎಮ್ಮೆ ಅದೇ. ಆ ಹೊತ್ತಿಗೆ ಅವನಿಗೆ ಕಡೆಗೂ ಸಿಟ್ಟು ಬಂತು. ಬಂದು ಹೆದರಿಕೆಯ ಪಕ್ಕದಲ್ಲೇ ನಿಂತಿತು. ಹೆದರಿಕೆ ಅದಕ್ಕೆ ಜಾಗ ಬಿಡಲಿಲ್ಲ, ತಾನೂ ಹೋಗಲಿಲ್ಲ. ಹೌದ್ರಿ ಅನ್ನುವುದು ಎಷ್ಟು ಸುಲಭ! ಎರಡಕ್ಷರ. ಅಲ್ರಿ ಅನ್ನುವುದೂ ಎರಡೇ ಅಕ್ಷರ. ಎರಡೂ ಹೊರಗೆ ಬರಲಿಲ್ಲ.

ಅವನು ಮೇಜಿನ ಹತ್ತಿರ ಹೋಗಿ ಫಾರ್ಮನ್ನು ಪ್ರಮಿಳಾ ಮೇಡಂ ಮುಂದೆ ಇಟ್ಟ. ಚೀಲದಿಂದ ಕೆಂಪು ರಜಿಸ್ಟರನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಅದರ ಬಾಜೂಕ್ಕೆ ಇಟ್ಟ. ರಟ್ಟಿನ ಮೇಲೆ ಅವನ ಬೆವರಿನ ಐದು ಬೆರಳು ಮೂಡಿದವು.

ಮೇಡಂ ಕನ್ನಡಕ ಏರಿಸಿಕೊಂಡು ಕೆಳಗಿನ ಸಾಲನ್ನು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಓದತೊಡಗಿದರು. "ಪ್ರತಿಯೊಂದು ಚುಕ್ಕಿಯ ಬೆಳಕನ್ನು ಅದರದೇ ಸಂಶಯದಿಂದ ಬೇರೆ ಬೇರೆ ಭಾಗಿಸಿ, ಆಮೇಲೆ ಎಲ್ಲ ಚುಕ್ಕಿಗಳಿಗೂ ಸೇರಿ ಸರಾಸರಿ ತೆಗೆದಿದೆ. ಕ್ಯಾನಿಗೆ ಹಾಕಿ ಕಲಸಿಲ್ಲ." ಕೊನೆಯ ಮಾತಿಗೆ ಅವರು ತಲೆ ಎತ್ತಿದರು. ಆಮೇಲೆ ಬೆರಳು ಹನ್ನೊಂದನೆಯ ಸಾಲಿಗೆ ಹೋಯಿತು.

"ಏನಿದು?" ಸರ್ ದನಿ ಏರಿತು. "ಯಾರನ್ನ ಕೇಳಿ ಬರದಿ ಇದನ್ನ? ನಿನಗ ಯಾರ್ ಕಲಿಸಿದ್ರೋ? ಕಲ್ಮೇಶ, ನಿನ್ನನ್ನ ಕೇಳಾಕತ್ತೀನಿ!"

ಕಲ್ಮೇಶ ಆಗಲೇ ಬಾಗಿಲಲ್ಲಿದ್ದ. ಹತ್ತನೆಯ ಕುರ್ಚಿಯನ್ನು ಸುತ್ತಿಕೊಂಡು ಬಂದಿದ್ದ, ಅದಕ್ಕೆ ಕೈ ತಗಲಿಸಿರಲಿಲ್ಲ. ಕಾರಿಡಾರು, ಜೀನೆ, ಆ ಮೆಟ್ಟಿಲು. ಗೇಟಿನಲ್ಲಿ ಕಲ್ಲಯ್ಯ ರೂಢಿಯಂತೆ ಕೈ ಚಾಚಿದ. ಚೀಲ ಮುಟ್ಟಿ, ಖಾ‌ಲಿ ಇದ್ದದ್ದು ನೋಡಿ, ಇವನ ಮುಖ ನೋಡಿ, ಕೈ ಹಿಂದಕ್ಕೆ ತಗೊಂಡ. ಮೇಲಿನ ಕಿಟಕಿಯಿಂದ ಅವನ ಹೆಸರು ಇನ್ನೊಂದು ಸಲ ಕೇಳಿತು, ಈ ಸಲ ಇನ್ನೂ ಜೋರಾಗಿ. ಅವನು ತಿರುಗಿ ನೋಡದೇ ರಸ್ತೆಗೆ ಇಳಿದು ನಡೆದ.